ರಾತ್ರಿಗೆ ಏನು ಮಾಡೂಣು?

ನಮ್ಮ ಕಡೆಯ ಮನೆಗಳಲ್ಲಿ ಸಂಜೆ ಏಳು ಗಂಟೆಗೆ ದಿನಾ ಒಂದು ಪ್ರಶ್ನೆ ಹುಟ್ಟುತ್ತದೆ. ‘ರಾತ್ರಿಗೆ ಏನು ಮಾಡೂಣು?’ ಸುಮಾರು ಮೂವತ್ತು ವರ್ಷ ಪ್ರಶ್ನೆಪತ್ರಿಕೆ ತೆಗೆಯುತ್ತ ಬಂದಿರುವ ನನ್ನಂಥವನ ದೃಷ್ಟಿಯಲ್ಲಿ ಇದು ಕಡ್ಡಾಯ ಪ್ರಶ್ನೆ. ಆಯ್ಕೆ ಇಲ್ಲ, ಕೃಪಾಂಕವೂ ಇಲ್ಲ. ಪ್ರಶ್ನೆ ಕೇಳುವವರು ಮನೆ ತುಂಬ ಇರುತ್ತಾರೆ, ಉತ್ತರ ಬರೆಯುವವಳು ಮಾತ್ರ ಒಬ್ಬಳೇ.

ವಿಜ್ಞಾನದ ಮೇಷ್ಟರಿಗೆ ಅಡುಗೆಮನೆಯ ಉಸಾಬರಿ ಏಕೆ ಎಂದು ನೀವು ಕೇಳಬಹುದು. ನಾನು ಈ ವಿಷಯಕ್ಕೆ ಬಂದದ್ದು ಒಲೆಯ ಕಡೆಯಿಂದಲ್ಲ, ಗೃಹಪಾಠದ ನೋಟ್‌ಬುಕ್ಕಿನ ಕಡೆಯಿಂದ. ೧೯೯೫ರಲ್ಲಿ ನೌಕರಿಗೆ ಸೇರಿದಾಗ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಲ್ಲವೂ ಧಾರವಾಡ ಜಿಲ್ಲೆಯ ತಾಲ್ಲೂಕುಗಳು. ೧೯೯೭ರಲ್ಲಿ ಹಾವೇರಿ ಜಿಲ್ಲೆಯಾಯಿತು. ವರ್ಗಾವಣೆಯ ಕೃಪೆಯಿಂದ ಈ ನಾಲ್ಕೂ ಕಡೆ ಪಾಠ ಮಾಡಿದ್ದೇನೆ, ನಾಲ್ಕೂ ಕಡೆ ಬಾಡಿಗೆ ಮನೆಯಲ್ಲಿದ್ದು ಅಕ್ಕಪಕ್ಕದವರ ರೊಟ್ಟಿ ತಿಂದಿದ್ದೇನೆ. ಎಲ್ಲಿಗೆ ಹೋದರೂ ಹತ್ತನೆಯ ತರಗತಿಯಲ್ಲಿ ಗೃಹಪಾಠ ಮಾಡದೆ ಎದ್ದು ನಿಲ್ಲುವವರಲ್ಲಿ ಎರಡು ಜಾತಿ. ಹುಡುಗರ ಕಾರಣಗಳು ಬಗೆಬಗೆಯವು: ಕರೆಂಟು ಹೋಗಿತ್ತು, ಜಾತ್ರೆ ಇತ್ತು, ನೋಟ್‌ಬುಕ್ಕು ಕರು ತಿಂದಿತು. ಹುಡುಗಿಯರದು ಒಂದೇ. ‘ನಮ್ಮವ್ವ ಹೊಲದಿಂದ ಬರೂದು ತಡಾ ಆಕ್ಕೈತ್ರಿ ಸರ್. ರೊಟ್ಟಿ ನಾನ ಬಡೀಬೇಕ್ರಿ.’

ಮೊದಮೊದಲು ಇದನ್ನು ಕೇಳಿ ‘ಕೂತ್ಕೊ’ ಎನ್ನುತ್ತಿದ್ದೆ. ಹಿರೇಕೆರೂರಿನ ಕಡೆ ಹೋದ ಮೇಲೆ ಅಷ್ಟಕ್ಕೇ ಬಿಡಲಾಗಲಿಲ್ಲ. ಆ ಭಾಗದಲ್ಲಿ ಹತ್ತಿಯ ಬೀಜೋತ್ಪಾದನೆ ಬಹಳ. ಧಾರವಾಡದಲ್ಲಿ ಡಾ. ಬಿ. ಎಚ್. ಕಾತರಕಿಯವರು ೧೯೭೨ರಲ್ಲಿ ‘ವರಲಕ್ಷ್ಮಿ’ ಎಂಬ ಸಂಕರ ಹತ್ತಿ ಕೊಟ್ಟ ಸಂಗತಿಯನ್ನು ಪಾಠದಲ್ಲಿ ಹೆಮ್ಮೆಯಿಂದ ಹೇಳುತ್ತೇನೆ. ಆದರೆ ಸಂಕರ ಬೀಜ ತಾನಾಗಿ ಆಗುವುದಿಲ್ಲ. ಮರುದಿನ ಅರಳಲಿರುವ ಮೊಗ್ಗನ್ನು ಹಿಂದಿನ ಸಂಜೆಯೇ ಬಿಡಿಸಿ, ಕೇಸರಗಳನ್ನು ಕೈಯಿಂದ ಕಿತ್ತು, ಗುರುತು ಕಟ್ಟಿ ಬರಬೇಕು. ಬೆಳಿಗ್ಗೆ ಗಂಡುಹೂವಿನ ಪರಾಗ ತಂದು ಒರೆಸಬೇಕು. ಊರಿನಲ್ಲಿ ಇದಕ್ಕೆ ‘ಕ್ರಾಸಿಂಗ್’ ಎನ್ನುತ್ತಾರೆ. ಮಾಡುವವರು ಹೆಚ್ಚಿನಂಶ ಹೆಂಗಸರು. ಸಸ್ಯಗಳ ಸಂತಾನೋತ್ಪತ್ತಿ ಎಂದು ನಾನು ಹಲಗೆಯ ಮೇಲೆ ಚಿತ್ರ ಬರೆಯುವ ಹೊತ್ತಿನಲ್ಲಿ ಅದೇ ಪಾಠವನ್ನು ಬಿಸಿಲಲ್ಲಿ ನಿಂತು ಮಾಡುತ್ತಿದ್ದ ತಾಯಂದಿರು ಕತ್ತಲಾದ ಮೇಲೆ ಮನೆ ಸೇರುತ್ತಿದ್ದರು. ಅಷ್ಟರಲ್ಲಿ ಒಲೆ ಹೊತ್ತಿರಬೇಕು. ಹೊತ್ತಿಸುವವಳು ನನ್ನ ವಿದ್ಯಾರ್ಥಿನಿ.

ಒಂದು ಸಂಜೆ ನಮ್ಮ ಮನೆಯಲ್ಲೇ ಕೈಗಡಿಯಾರ ಹಿಡಿದು ಕೂತೆ. (ನಮ್ಮಾಕೆಗೆ ಇದು ಹಿಡಿಸಲಿಲ್ಲ. ‘ಗಡಿಯಾರ ಹಿಡಿಯೂ ಕೈಲೆ ಉಳ್ಳಾಗಡ್ಡಿ ಹೆಚ್ಚರಿ’ ಎಂದಳು. ಹೆಚ್ಚಿದೆ.) ಹಿಟ್ಟು ನಾದಿ ಬಡಿದು ಬೇಯಿಸಿ ತೆಗೆಯಲು ರೊಟ್ಟಿಯೊಂದಕ್ಕೆ ಎರಡೂವರೆ ನಿಮಿಷ ಹಿಡಿಯಿತು. ಆರು ಜನರ ಮನೆ, ತಲೆಗೆ ಮೂರು ಎಂದರೆ ಹದಿನೆಂಟು ರೊಟ್ಟಿ, ನಲವತ್ತೈದು ನಿಮಿಷ. ಒಲೆ, ಎಸರು, ಪಲ್ಯ ಸೇರಿದರೆ ಒಂದೂವರೆ ತಾಸು. ವಾರಕ್ಕೆ ಹತ್ತೂವರೆ ತಾಸು. ಜೂನಿನಿಂದ ಮಾರ್ಚಿನ ಪರೀಕ್ಷೆಯವರೆಗೆ ನಲವತ್ತು ವಾರ ಹಿಡಿದರೆ ೪೨೦ ತಾಸು. ಈ ಲೆಕ್ಕವನ್ನು ತರಗತಿಯಲ್ಲಿ ಮಕ್ಕಳಿಂದಲೇ ಮಾಡಿಸಿದೆ. ಉತ್ತರ ಬಂದ ಮೇಲೆ ಹುಡುಗರ ಸಾಲಿನಲ್ಲಿ ಯಾರೂ ಮಾತಾಡಲಿಲ್ಲ.

ರೊಟ್ಟಿಯನ್ನು ಅವಸರ ಮಾಡಲು ಬರುವುದಿಲ್ಲ, ಅದಕ್ಕೂ ಕಾರಣವಿದೆ. ಗೋಧಿಯಲ್ಲಿ ಗ್ಲುಟೆನ್ ಎಂಬ ಜಿಗುಟು ಪ್ರೋಟೀನು ಇದೆ. ಹಿಟ್ಟು ಬೆಳಿಗ್ಗೆಯೇ ಕಲಸಿಟ್ಟರೂ ಸಂಜೆ ಚಪಾತಿಯಾಗುತ್ತದೆ. ಜೋಳದಲ್ಲಿ ಅದಿಲ್ಲ. ಕುದಿಯುವ ನೀರು ಹಾಕಿ ಪಿಷ್ಟವನ್ನು ಅರೆಬೇಯಿಸಿ ಅಂಟು ಬರಿಸಬೇಕು, ಬಿಸಿ ಇರುವಾಗಲೇ ನಾದಿ ಬಡಿಯಬೇಕು. ತಡವಾದರೆ ಅಂಚು ಬಿರಿಯುತ್ತದೆ. ಅಜ್ಜಿಯರು ‘ಜಿಗಿ’ ಎಂದು ಕರೆದದ್ದು ಇದನ್ನೇ.

ಈಗ ಸಿರಿಧಾನ್ಯದ ಕಾಲ. ವಿಶ್ವಸಂಸ್ಥೆ ೨೦೨೩ನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ ನಮ್ಮ ಶಾಲೆಯಲ್ಲೂ ಭಾಷಣಗಳಾದವು. ಹಿಂದಿನವರ ರೊಟ್ಟಿ ಊಟವನ್ನು ಬಿಟ್ಟು ಅನ್ನಕ್ಕೆ ಬಿದ್ದೆವು, ಕೆಟ್ಟೆವು ಎಂದು ಗಂಡಸರು ಮೈಕಿನಲ್ಲಿ ಬಹಳ ಮರುಗಿದರು. ಅವರು ಹೇಳಿದ್ದು ಸುಳ್ಳಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೋಷ್ಟಕದಲ್ಲಿ ನೂರು ಗ್ರಾಂ ಜೋಳಕ್ಕೆ ಸುಮಾರು ೧೦ ಗ್ರಾಂ ಪ್ರೋಟೀನು, ಬಿಳಿ ಅಕ್ಕಿಗೆ ೮ ಗ್ರಾಮಿನಷ್ಟು. ಕಬ್ಬಿಣಾಂಶದಲ್ಲಿ ಅಂತರ ಇನ್ನೂ ದೊಡ್ಡದು, ಜೋಳದಲ್ಲಿ ೪ ಮಿಲಿಗ್ರಾಮಿನ ಹತ್ತಿರ, ಅಕ್ಕಿಯಲ್ಲಿ ಒಂದಕ್ಕಿಂತಲೂ ಕಡಿಮೆ. ಆದರೆ ೨೦೧೩ರಲ್ಲಿ ಅನ್ನಭಾಗ್ಯದ ಅಕ್ಕಿ ಮನೆಮನೆಗೆ ಬಂದಾಗ ಹಗುರಾದದ್ದು ಯಾರ ರಟ್ಟೆ ಎಂಬುದನ್ನು ಮೈಕಿನಲ್ಲಿ ಯಾರೂ ಹೇಳಲಿಲ್ಲ. ಅನ್ನ ತಾನೇ ಬೇಯುತ್ತದೆ. ಅದು ಬೇಯುವಷ್ಟರಲ್ಲಿ ಹುಡುಗಿ ಒಂದು ಪ್ರಮೇಯ ಓದಿ ಮುಗಿಸಬಹುದು. ಹಾನಗಲ್ಲಿನ ಕಡೆ ಮಲೆನಾಡಿನ ಸೆರಗು, ಭತ್ತದ ಗದ್ದೆಗಳು. ಅಲ್ಲಿ ರಾತ್ರಿ ಅನ್ನ ಉಣ್ಣುವುದು ಮೊದಲಿನಿಂದಲೂ ಇತ್ತು, ಅಲ್ಲಿನ ಹುಡುಗಿಯರ ನೋಟ್‌ಬುಕ್ಕು ಸ್ವಲ್ಪ ಹೆಚ್ಚು ತುಂಬಿರುತ್ತಿದ್ದವು ಎಂದು ನನ್ನ ನೆನಪು. ಇದಕ್ಕೆ ವೈಜ್ಞಾನಿಕ ಆಧಾರ ಕೇಳಬೇಡಿ.

ಹಾಗಾದರೆ ರೊಟ್ಟಿ ಬೇಡವೇ? ಬೇಕು. ದಿನಾ ರಾತ್ರಿ, ಬಿಸಿಬಿಸಿಯಾಗಿಯೇ, ಒಬ್ಬಳ ಕೈಯಿಂದಲೇ ಆಗಬೇಕೆಂಬುದು ಬೇಡ, ಅಷ್ಟೇ. ಶಿಗ್ಗಾವಿ ತಾಲ್ಲೂಕಿನ ಬಾಡ ಕನಕದಾಸರ ಹುಟ್ಟೂರು. ಅವರ ರಾಮಧಾನ್ಯ ಚರಿತೆಯಲ್ಲಿ ರಾಗಿಗೂ ಭತ್ತಕ್ಕೂ ಹಿರಿಮೆಯ ಜಗಳವಾಗಿ, ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಸೊರಗುತ್ತದೆ, ರಾಗಿ ಗಟ್ಟಿಯಾಗಿ ಉಳಿದು ಗೆಲ್ಲುತ್ತದೆ. ನನಗೆ ಈ ಕತೆಯಲ್ಲಿ ಕಾಣುವುದು ಶೇಖರಣೆಯ ಪಾಠ. ಕೆಡದೆ ಉಳಿಯುವುದೂ ಆಹಾರದ ಒಂದು ಗುಣ. ನಮ್ಮ ಕಡಕ ರೊಟ್ಟಿಯ ಗುಣವೂ ಅದೇ. ತೆಳ್ಳಗೆ ಬಡಿದು ಸಣ್ಣ ಉರಿಯಲ್ಲಿ ನೀರಿನಂಶ ಹೋಗುವ ತನಕ ಒಣಗಿಸಿದರೆ ಬೂಷ್ಟು ಬೆಳೆಯಲು ತೇವವೇ ಇರುವುದಿಲ್ಲ. ಮುಚ್ಚಿಟ್ಟರೆ ವಾರಗಟ್ಟಲೆ ಇರುತ್ತದೆ. ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿಗಳ ಗುಟ್ಟೂ ಇದೇ.

ಸವಣೂರಿನಲ್ಲಿ ನಾವಿದ್ದ ಮನೆಯ ಮಾಲಕರ ತಾಯಿ ರವಿವಾರ ಮುಂಜಾನೆ ಮಾತ್ರ ರೊಟ್ಟಿಗೆ ಕೂರುತ್ತಿದ್ದರು. ಸೊಸೆ ನೌಕರಿಗೆ ಹೋಗುವವಳು. ಮುದುಕಿ ಬಡಿಯುವುದು, ಮಗ ಹಂಚಿನ ಮೇಲೆ ಒತ್ತಿ ಒಣಗಿಸುವುದು, ಮೊಮ್ಮಕ್ಕಳು ಎಣಿಸಿ ಡಬ್ಬಿಗೆ ಇಡುವುದು. ಮಕ್ಕಳ ಲೆಕ್ಕ ಯಾವಾಗಲೂ ಎರಡು ಮೂರು ಕಡಿಮೆ ಬರುತ್ತಿತ್ತು, ಕಾರಣ ಅವರ ಬಾಯಿಯಲ್ಲಿರುತ್ತಿತ್ತು. ವಾರದ ದಿನಗಳಲ್ಲಿ ಆ ಮನೆಯ ರಾತ್ರಿ ಅಡುಗೆಯೆಂದರೆ ಕಡಕ ರೊಟ್ಟಿಯ ಜೊತೆಗೆ ಒಂದು ಜುಣಕ, ಇಲ್ಲವೇ ಕಾಳುಪಲ್ಯ, ಮೇಲೆ ಮೊಸರು. ಸವಣೂರಿನ ಖಾರಾಕ್ಕೆ ಹೆಸರಿರುವುದು ನಿಮಗೆ ಗೊತ್ತು. ಆದರೆ ಆ ಮನೆಯ ಮಕ್ಕಳಿಗೆ ಅದನ್ನು ಊಟದ ಮೇಲೆ ಒಂದು ಚಿಟಿಕೆ ಕೊಡುತ್ತಿದ್ದರು, ಊಟದ ಮೊದಲು ಕೊಡುತ್ತಿರಲಿಲ್ಲ.

ಈ ಕೊನೆಯ ಮಾತನ್ನು ಪಾಲಕರು ದಯವಿಟ್ಟು ಗಮನಿಸಬೇಕು. ಶಿಗ್ಗಾವಿಯಿಂದ ಹುಬ್ಬಳ್ಳಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವ ತಾಯಿತಂದೆಯರ ಮಕ್ಕಳನ್ನು ನಾನು ಬಲ್ಲೆ. ಮನೆಗೆ ಬಂದವರೇ ಐದು ರೂಪಾಯಿಯ ಕುರುಕಲು ಪೊಟ್ಟಣ ಹರಿಯುತ್ತವೆ, ಇಲ್ಲವೇ ಎರಡು ನಿಮಿಷದ ನೂಡಲ್ಸು. ಎಂಟೂವರೆಗೆ ಅಡುಗೆಯಾಗುವಷ್ಟರಲ್ಲಿ ಹಸಿವು ಸತ್ತಿರುತ್ತದೆ, ಕಣ್ಣು ಎಳೆಯುತ್ತಿರುತ್ತದೆ. ೨೦೦೩ರಲ್ಲಿ ನಮ್ಮ ಭಾಗಕ್ಕೂ ಅಕ್ಷರ ದಾಸೋಹ ಬಂದ ಮೇಲೆ ಮಧ್ಯಾಹ್ನದ ಚಿಂತೆ ತಪ್ಪಿದೆ. ಬೆಳಿಗ್ಗೆ ಶಾಲೆಗೆ ಓಡುವ ಗಡಿಬಿಡಿ. ಹೀಗಾಗಿ ಮಗು ಮನೆಯಲ್ಲಿ ಕೂತು ಉಣ್ಣುವ ಊಟ ರಾತ್ರಿಯದೊಂದೇ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಅರವತ್ತಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆ ಇದೆ. ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು. ಮೊದಲ ಪಿರಿಯಡ್ಡಿನಲ್ಲೇ ತೂಕಡಿಸುವ ಮಗುವನ್ನು ‘ಸೋಮಾರಿ’ ಎನ್ನುವ ಮೊದಲು ಹಿಂದಿನ ರಾತ್ರಿ ಏನು ಉಂಡಿತ್ತು ಎಂದು ಕೇಳುವುದು ನನಗೆ ಈಗ ರೂಢಿಯಾಗಿದೆ.

ದೊಡ್ಡ ಅಡುಗೆ ಬೇಕಿಲ್ಲ. ಎರಡು ಪಾಲು ಅಕ್ಕಿ, ಒಂದು ಪಾಲು ಹೆಸರುಬೇಳೆ, ಒಂದು ಹಿಡಿ ಮೆಂತ್ಯ ಸೊಪ್ಪು, ಅರಿಶಿನ, ಉಪ್ಪು. ಕುಕ್ಕರಿನಲ್ಲಿ ಮೂರು ಸೀಟಿ. ಮೇಲೊಂದು ಒಗ್ಗರಣೆ, ಬಡಿಸುವಾಗ ನಿಂಬೆಹಣ್ಣು. ಧಾನ್ಯದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಬೇಳೆಯಲ್ಲಿ ಹೇರಳ. ಬೇಳೆಯಲ್ಲಿ ಕಡಿಮೆ ಇರುವ ಮಿಥಿಯೊನಿನ್ ಧಾನ್ಯದಲ್ಲಿದೆ. ಎರಡೂ ಕೂಡಿದರೆ ಪ್ರೋಟೀನು ಪೂರ್ತಿಯಾಗುತ್ತದೆ. ನಿಂಬೆಯ ಸಿ ಜೀವಸತ್ವ ಸೊಪ್ಪಿನ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ಊಟವಾದ ಕೂಡಲೇ ಕುಡಿಯುವ ಚಹಾ ಅದನ್ನು ತಡೆಯುತ್ತದೆ. ನಮ್ಮ ಕಡೆ ಮಕ್ಕಳಿಗೂ ಬಸಿಯಲ್ಲಿ ಚಹಾ ಹಾಕಿಕೊಡುವ ಪ್ರೀತಿಯೊಂದಿದೆ. ಅದನ್ನು ಬಿಡಬೇಕು.

ಬೇರೆ ದಿನ ಜೋಳದ ನುಚ್ಚು. ಬೆಳಿಗ್ಗೆ ನೆನೆಹಾಕಿ ಹೋದರೆ ಸಂಜೆ ಕುಕ್ಕರಿನಲ್ಲಿ ಬೇಗ ಮೆತ್ತಗಾಗುತ್ತದೆ. ಮಜ್ಜಿಗೆ ಕಲಸಿ ಶೇಂಗಾ ಚಟ್ನಿ ನಂಜಿಕೊಂಡರೆ ರೊಟ್ಟಿ ಬಡಿಯದೆಯೂ ಜೋಳ ಹೊಟ್ಟೆ ಸೇರಿತು. ತೀರಾ ಆಗದ ದಿನ ಮಂಡಕ್ಕಿ ಸೂಸಲಾ. ಆದರೆ ಮಂಡಕ್ಕಿಯಲ್ಲಿ ಗಾಳಿಯೇ ಹೆಚ್ಚು, ಪುಟಾಣಿ ಪುಡಿ ಮತ್ತು ಶೇಂಗಾ ಕೈಬಿಚ್ಚಿ ಹಾಕಿ.

ಬೇಳೆ ಬೇಯುವುದಿಲ್ಲ ಎಂದು ಹಲವರು ದೂರುತ್ತಾರೆ. ತಪ್ಪು ಬೇಳೆಯದಲ್ಲ, ಕೊಳವೆಬಾವಿಯ ಗಡಸು ನೀರಿನದು. ಅದರಲ್ಲಿಯ ಕ್ಯಾಲ್ಸಿಯಂ ಕಾಳಿನ ಜೀವಕೋಶಗಳ ನಡುವಿನ ಪೆಕ್ಟಿನ್ ಎಂಬ ಅಂಟನ್ನು ಗಟ್ಟಿ ಮಾಡಿಬಿಡುತ್ತದೆ. ಸೋಡಾ ಹಾಕಿದರೆ ಬೇಗ ಬೆಂದೀತು, ಆದರೆ ಥಯಮಿನ್ ಜೀವಸತ್ವ ಹಾಳಾಗುತ್ತದೆ. ಬೇಳೆಗಷ್ಟೇ ಮಳೆನೀರೋ ಶುದ್ಧೀಕರಿಸಿದ ನೀರೋ ಹಾಕಿ, ಹುಳಿಯನ್ನು ಬೆಂದ ಮೇಲೆ ಸೇರಿಸಿ. ಸಮುದ್ರಮಟ್ಟದಿಂದ ಐನೂರು ಮೀಟರಿಗೂ ಮೇಲಿರುವ ನಮ್ಮೂರುಗಳಲ್ಲಿ ತೆರೆದ ಪಾತ್ರೆಯ ನೀರು ೯೮ ಡಿಗ್ರಿಯ ಸುಮಾರಿಗೆ ಕುದಿಯುತ್ತದೆ. ಕುಕ್ಕರಿನಲ್ಲಿ ಒತ್ತಡದಿಂದಾಗಿ ಅದು ೧೨೦ರ ಹತ್ತಿರ ಹೋಗುತ್ತದೆ. ಸಮಯ ಉಳಿಯುವುದು ಅಲ್ಲಿ.

ಒತ್ತಡದ ಪಾಠ ಬಂದಾಗ ಪ್ರತಿ ವರ್ಷ ಕುಕ್ಕರನ್ನೇ ತರಗತಿಗೆ ಒಯ್ಯುತ್ತೇನೆ. ಮುಚ್ಚಳದ ರಬ್ಬರು, ಸುರಕ್ಷತಾ ಕವಾಟ ಎಲ್ಲವನ್ನೂ ಹುಡುಗರಿಂದಲೇ ಬಿಚ್ಚಿಸಿ ಜೋಡಿಸುತ್ತೇನೆ. ಮಂಜುಗಡ್ಡೆಯಿಂದ ಹಬೆಯವರೆಗೆ ಬಾಯಿಪಾಠ ಹೇಳುವ ಹುಡುಗನಿಗೆ ಸೀಟಿ ಕೂಗಿದರೆ ಒಲೆ ಆರಿಸಲು ಬರುವುದಿಲ್ಲವೆಂದರೆ ಹೇಗೆ? ಒಂದು ವರ್ಷ ಜುಣಕದ ಕ್ರಮವನ್ನೂ ಪ್ರಯೋಗದ ಹಾಗೆ ಬರೆಸಿದೆ. ಬೇಕಾಗುವ ಸಾಮಗ್ರಿಗಳು: ಕಡ್ಲಿಹಿಟ್ಟು ಒಂದು ಬಟ್ಟಲು, ನೀರು ಎರಡೂವರೆ ಬಟ್ಟಲು, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಸಾಸಿವೆ, ಎಣ್ಣೆ, ಉಪ್ಪು. ವಿಧಾನ: ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿಟ್ಟು, ಒಗ್ಗರಣೆಗೆ ಹೊಯ್ದು, ಕೈ ಬಿಡದೆ ತಿರುವಿ, ಮುಚ್ಚಿ, ಹತ್ತು ನಿಮಿಷ. ತಣ್ಣೀರೇ ಏಕೆ? ಬಿಸಿನೀರಿಗೆ ಹಾಕಿದರೆ ಹೊರಗಿನ ಪಿಷ್ಟ ಬೆಂದು ಒಳಗೆ ಒಣಹಿಟ್ಟು ಉಳಿಯುತ್ತದೆ, ಅದೇ ಗಂಟು. ಅಂದು ರಾತ್ರಿ ಹುಡುಗರು ಮಾತ್ರ ಮಾಡಿ, ಫಲಿತಾಂಶ ಬರೆದು ತರಬೇಕೆಂದು ಹೇಳಿ ಕಳಿಸಿದೆ. ಹುಡುಗಿಯರಿಗೆ ಆ ದಿನದ ಮಟ್ಟಿಗೆ ಗೃಹಪಾಠ ಓದುವುದು ಮಾತ್ರ.

ಮುಂದಿನ ಪಾಲಕರ ಸಭೆಗೆ ಒಬ್ಬ ತಾಯಿ ಹೊಲದಿಂದ ನೇರವಾಗಿ ಬಂದರು. ‘ಸರ್, ನಮ್ಮ ಹುಡುಗ ಈಗ ವಾರಕ್ಕ ಎರಡು ದಿನ ಜುಣಕ ಮಾಡ್ತಾನ್ರಿ, ಚಲೋನ ಆಗಿರ್ತೈತಿ. ಆದ್ರ ಒಲಿಕಟ್ಟಿ ತುಂಬ ಹಿಟ್ಟು ಚೆಲ್ಲಿ ಹಂಗ ಬಿಟ್ಟ ಹೋಗ್ತಾನ. ಅದನ್ನ ಒರಸೂದು ಯಾವ ಪಾಠದಾಗ ಬರ್ತೈತ್ರಿ?’

ಮುಂದಿನ ಪಾಠದಲ್ಲಿ ಬರುತ್ತದೆ ಎಂದು ಹೇಳಿ ಹುಡುಗನ ಹೆಸರು ಬರೆದುಕೊಂಡೆ.