ಕಣದಲ್ಲೊಂದು ಕಾಳಗ

ಸ್ಪೇನ್ ದೇಶ ಅಂದಕೂಡಲೇ ನಮಗೆ ನೆನಪಾಗುವುದು ಗೂಳಿ ಕಾಳಗ, ಕೈಬೀಸಣಿಗೆ ಹಿಡಿದು ಕುಣಿಯುವ ಹೆಂಗಸರು, ಹೆಚ್ಚೆಂದರೆ ಫುಟ್‌ಬಾಲು. ಅಲ್ಲೊಂದು ಮರುಭೂಮಿಯೂ ಇದೆ ಎಂದರೆ ನಂಬುತ್ತೀರಾ? ಆ ಮರುಭೂಮಿಗೆ ಇಟಲಿಯವರು ಬಂದು, ಅಮೆರಿಕದ ಕೌಬಾಯ್‌ಗಳ ಕಥೆಯನ್ನು ಸಿನಿಮಾ ತೆಗೆದರು ಎಂದರೆ? ಮಕ್ಕಳಿರುವ ಮನೆಯಲ್ಲಿ ಕುದುರೆ, ಟೋಪಿ, ಪಿಸ್ತೂಲಿನ ಸಿನಿಮಾ ಯಾರು ನೋಡಿಲ್ಲ ಹೇಳಿ! ಅವುಗಳ ಊರು ನೋಡಿ ಬಂದ ಕಥೆಯನ್ನು ನಿಮಗೆ ಹೇಳೋಣವೆಂದು ಕೂತಿದ್ದೇನೆ.

ನಾನು ಹೋದದ್ದು ಊರು ನೋಡಲಿಕ್ಕಲ್ಲ, ಬಾಣಂತನಕ್ಕೆ. ತಮ್ಮ ಮ್ಯಾಡ್ರಿಡ್‌ನಲ್ಲಿ ಕೆಲಸದಲ್ಲಿದ್ದಾನೆ. ಅವನ ಹೆಂಡತಿಗೆ ಎಣ್ಣೆ-ನೀರು, ಮೆಣಸಿನ ಸಾರು, ಕೂಸಿಗೆ ಸಾಂಬ್ರಾಣಿ ಹೊಗೆ ಎಂದು ಎರಡು ತಿಂಗಳು ಮನೆ ಬಿಟ್ಟು ಕದಲಲಿಲ್ಲ. ಆಮೇಲೆ ಅವಳ ತಾಯಿ ಬಂದರು. ತಮ್ಮ ಮೂರು ದಿನ ರಜೆ ಹಾಕಿ, "ಅಕ್ಕ, ಏಳು, ನಿನಗೊಂದು ಜಾಗ ತೋರಿಸ್ತೀನಿ. ನಮ್ಮ ರಾಮನಗರದ ಅಣ್ಣ ಅದು" ಅಂದ. ಮ್ಯಾಡ್ರಿಡ್‌ನಿಂದ ತೆಂಕಣಕ್ಕೆ ಸುಮಾರು 550 ಕಿಲೋಮೀಟರು, ಸಮುದ್ರದ ದಂಡೆಯಲ್ಲಿರುವ ಅಲ್ಮೇರಿಯಾ ಎಂಬ ಊರಿಗೆ ಕಾರಿನಲ್ಲಿ ಹೊರಟೆವು.

ಅಲ್ಮೇರಿಯಾದಿಂದ ಸುಮಾರು 30 ಕಿಲೋಮೀಟರು ಒಳಗೆ ಹೋದರೆ ತಾಬೆರ್ನಾಸ್. ಯುರೋಪಿನಲ್ಲಿ ಮರುಭೂಮಿ ಅಂತ ಹೇಳಬಹುದಾದ ಜಾಗ ಇದೊಂದೇ ಎನ್ನುತ್ತಾರೆ. ಮರಳಿನ ದಿಬ್ಬಗಳನ್ನು ಕಲ್ಪಿಸಿಕೊಳ್ಳಬೇಡಿ. ಬೂದು-ಕಂದು ಬಣ್ಣದ ಬೋಳು ಗುಡ್ಡಗಳು, ನೀರಿಲ್ಲದ ಹಳ್ಳಗಳು, ಅಲ್ಲಲ್ಲಿ ಕತ್ತಾಳೆ. ಮಳೆ ವರ್ಷಕ್ಕೆ 200-250 ಮಿಲಿಮೀಟರು ಅಷ್ಟೆ. ನಮ್ಮ ಚಳ್ಳಕೆರೆ ಕಡೆಯವರಾಗಿದ್ದರೂ "ಅಯ್ಯೋ, ಇದೇನು ಊರಪ್ಪ" ಅನ್ನುವಂಥ ನೆಲ. ಆದರೆ ಸಿನಿಮಾದವರಿಗೆ ಬೇಕಾದದ್ದು ಅದೇ. ಆಕಾಶದಲ್ಲಿ ಮೋಡವಿಲ್ಲ, ವರ್ಷವೆಲ್ಲ ಬಿಸಿಲು, ಖರ್ಚೂ ಕಡಿಮೆ. ನೋಡಿದರೆ ಅಮೆರಿಕದ ಟೆಕ್ಸಸ್ ಸೀಮೆಯ ಹಾಗೇ ಕಾಣುತ್ತದೆ.

ಇಟಲಿಯ ಸೆರ್ಜಿಯೋ ಲಿಯೋನೆ ಎಂಬ ನಿರ್ದೇಶಕ 1964ರಲ್ಲಿ ಒಂದು ಕೌಬಾಯ್ ಚಿತ್ರ ತೆಗೆದ. ಕ್ಲಿಂಟ್ ಈಸ್ಟ್‌ವುಡ್ ನಾಯಕ. ಚಿತ್ರ ಹೇಗೆ ಓಡಿತೆಂದರೆ ಮರುವರ್ಷವೇ, 1965ರಲ್ಲಿ, ಎರಡನೆಯದು ತಯಾರಾಯಿತು. ಅದೇ 'ಫಾರ್ ಎ ಫ್ಯೂ ಡಾಲರ್ಸ್ ಮೋರ್'. ಸ್ಪೇನಿನಲ್ಲಿ ಅದಕ್ಕಿಟ್ಟ ಹೆಸರಿನ ಅರ್ಥ 'ಸಾವಿಗೊಂದು ಬೆಲೆಯಿತ್ತು' ಎಂದು. ತಾಬೆರ್ನಾಸ್‌ನಲ್ಲಿ ಆ ಚಿತ್ರಕ್ಕಾಗಿಯೇ ಒಂದು ಇಡೀ ಪೇಟೆ ಕಟ್ಟಿದರು. ಬ್ಯಾಂಕು, ಹೆಂಡದಂಗಡಿ, ಹೋಟೆಲು, ಎಲ್ಲ ಮರದ್ದು. ಚಿತ್ರೀಕರಣ ಮುಗಿದ ಮೇಲೂ ಅದನ್ನು ಕೆಡವಲಿಲ್ಲ. ಈಗ ಟಿಕೆಟ್ ಇಟ್ಟು ಜನರಿಗೆ ತೋರಿಸುತ್ತಾರೆ, 'ಮಿನಿ ಹಾಲಿವುಡ್' ಅಂತ. ಹೊತ್ತುಹೊತ್ತಿಗೆ ಕುದುರೆ ಮೇಲೆ ಬಂದು ಢಂ ಢಂ ಅನ್ನಿಸಿ, ಮಹಡಿಯಿಂದ ಉರುಳಿಬಿದ್ದು ತೋರಿಸುತ್ತಾರೆ. ಪಕ್ಕದಲ್ಲೇ ಪ್ರಾಣಿ ಸಂಗ್ರಹಾಲಯವೂ ಇದೆ. ಮಕ್ಕಳಿಗೆ ಹಬ್ಬ!

ನಮ್ಮ ರಾಮದೇವರ ಬೆಟ್ಟದ ಬುಡದಲ್ಲಿ 'ಷೋಲೆ'ಗಾಗಿ ಹಳ್ಳಿ ಕಟ್ಟಿದ್ದು ಇದಾದ ಮೇಲೆ. 1975ರಲ್ಲಿ ಬಂದ ಆ ಚಿತ್ರದವರು ಲಿಯೋನೆಯ ಚಿತ್ರಗಳಿಂದ ಬೇಕಾದಷ್ಟು ಕಲಿತಿದ್ದರು. ತಮ್ಮ ಅಣ್ಣ ಅಂದದ್ದು ಅದಕ್ಕೇ.

ಈಗ ಚಿತ್ರದ ಕಥೆ ಎರಡೇ ಮಾತಿನಲ್ಲಿ ಕೇಳಿ, ಆಗ ಮುಂದಿನದು ತಿಳಿಯುತ್ತದೆ. ತಲೆಗೆ ಬಹುಮಾನ ಕಟ್ಟಿಸಿಕೊಂಡ ದರೋಡೆಕೋರರನ್ನು ಹಿಡಿದೋ ಕೊಂದೋ ಸಂಪಾದಿಸುವವರು ಇಬ್ಬರು. ಒಬ್ಬ ಈಸ್ಟ್‌ವುಡ್, ಹೆಗಲ ಮೇಲೆ ಕಂಬಳಿಯಂಥ ಹೊದಿಕೆ, ಬಾಯಲ್ಲಿ ಚುಟ್ಟ. ಇನ್ನೊಬ್ಬ ಕಪ್ಪು ಕೋಟಿನ ಕರ್ನಲ್, ಲೀ ವಾನ್ ಕ್ಲೀಫ್ ಎಂಬ ನಟ. ಇಬ್ಬರೂ ಇಂದಿಯೋ ಎಂಬ ಕ್ರೂರಿಯ ಬೆನ್ನು ಹತ್ತುತ್ತಾರೆ. ಅವನ ತಲೆಗೆ 10,000 ಡಾಲರು. ಇಂದಿಯೋ ಹತ್ತಿರ ಒಂದು ಜೇಬುಗಡಿಯಾರ. ಮುಚ್ಚಳ ತೆಗೆದರೆ ಕಿಣಿಕಿಣಿ ಅಂತ ಒಂದು ರಾಗ. ರಾಗ ನಿಂತ ಕ್ಷಣಕ್ಕೆ ಗುಂಡು. ಕರ್ನಲ್ ಹತ್ತಿರವೂ ಅಂಥದೇ ಗಡಿಯಾರ. ಆ ರಾಗ ಹಾಕಿದವರು ಎನಿಯೊ ಮೊರಿಕೋನೆ. ಒಮ್ಮೆ ಕೇಳಿದರೆ ಪಾತ್ರೆ ತೊಳೆಯುವಾಗಲೂ ಕಿವಿಯಲ್ಲಿ ಗುಂಯ್‌ಗುಡುತ್ತದೆ.

ಗಡಿಯಾರದ ಮುಚ್ಚಳದ ಒಳಗೆ ಒಬ್ಬ ಹುಡುಗಿಯ ಪಟ. ಅವಳು ಕರ್ನಲ್‌ನ ತಂಗಿ. ಇಂದಿಯೋ ಅವಳ ಗಂಡನನ್ನು ಕೊಂದು, ಅವಳ ಮಾನ ಕಳೆಯಹೊರಟಾಗ, ಅವನದೇ ಪಿಸ್ತೂಲು ಎಳೆದುಕೊಂಡು ಅವಳು ಪ್ರಾಣ ಬಿಟ್ಟಿರುತ್ತಾಳೆ. ಕೊನೆಯಲ್ಲಿ ಕರ್ನಲ್ ಸೇಡು ತೀರಿಸಿಕೊಳ್ಳುತ್ತಾನೆ. ಬಹುಮಾನದ ದುಡ್ಡು ಒಂದು ಕಾಸೂ ಮುಟ್ಟದೆ ಕುದುರೆ ಹತ್ತಿ ಹೋಗುತ್ತಾನೆ. ಈಸ್ಟ್‌ವುಡ್ ಹೆಣಗಳನ್ನು ಗಾಡಿಗೆ ತುಂಬಿ, ಒಂದೊಂದಕ್ಕೂ ಎಷ್ಟೆಷ್ಟು ಎಂದು ಕೂಡುತ್ತಾ ನಿಲ್ಲುತ್ತಾನೆ.

ಹೋಗುವ ಹಿಂದಿನ ರಾತ್ರಿ ತಮ್ಮ ನನ್ನನ್ನು ಕೂರಿಸಿ ಈ ಚಿತ್ರ ತೋರಿಸಿದ್ದ. ಹೊಡೆದಾಟ ಕಂಡು ಕಣ್ಣು ಮುಚ್ಚಿಕೊಂಡದ್ದೇ ಹೆಚ್ಚು. ಮುಗಿದ ಮೇಲೆ, "ಹೇಗಿದೆ ಅಕ್ಕ?" ಅಂದ. "ಚೆನ್ನಾಗಿದೆ ಕಣೋ. ಆದ್ರೆ ಇಷ್ಟೆಲ್ಲ ಆಗಿದ್ದು ಆ ಹುಡುಗಿಗೋಸ್ಕರ, ಅವಳ ಬಾಯಲ್ಲಿ ಒಂದು ಮಾತೂ ಇಲ್ವಲ್ಲೋ" ಅಂದೆ. ಅವನು ನಕ್ಕು ಸುಮ್ಮನಾದ.

ಆ ಕೊನೆಯ ಕಾಳಗ ನಡೆದ ಜಾಗ ತಾಬೆರ್ನಾಸ್‌ನಲ್ಲಿಲ್ಲ. ಅದಕ್ಕೆ ಸಮುದ್ರದ ಕಡೆಗೆ, ನೀಹಾರ್ ಸೀಮೆಯ ಲೋಸ್ ಅಲ್ಬರಿಕೋಕೆಸ್ ಎಂಬ ಪುಟ್ಟ ಹಳ್ಳಿಗೆ ಹೋಗಬೇಕು. ಹೆಸರಿನ ಅರ್ಥ ಜರ್ದಾಳು ಹಣ್ಣು. ದಾರಿಯುದ್ದಕ್ಕೂ ಬಿಳೀ ಪ್ಲಾಸ್ಟಿಕ್ ಹೊದಿಸಿದ ತೋಟಗಳು. ಟೊಮೇಟೊ, ದೊಣ್ಣೆಮೆಣಸಿನಕಾಯಿ, ಸೌತೆ ಬೆಳೆದು ಯುರೋಪಿಗೆಲ್ಲ ಕಳಿಸುತ್ತಾರೆ. ಈ ಸೀಮೆಯಲ್ಲಿ 30,000 ಹೆಕ್ಟೇರಿಗೂ ಹೆಚ್ಚು ನೆಲ ಹೀಗೆ ಪ್ಲಾಸ್ಟಿಕ್ಕಿನ ಕೆಳಗಿದೆ. ದೂರದಿಂದ ನೋಡಿದರೆ ನೆಲದ ಮೇಲೆ ಸಮುದ್ರ ಬಿದ್ದಿದೆಯೋ ಅನ್ನಿಸುತ್ತದೆ.

ಹಳ್ಳಿ ಅಂದರೆ ಸುಣ್ಣ ಬಳಿದ ಚೌಕ ಚೌಕದ ಮನೆಗಳು, ಅಷ್ಟೆ. ಬೀದಿಗಳಿಗೆ ಕ್ಲಿಂಟ್ ಈಸ್ಟ್‌ವುಡ್, ಸೆರ್ಜಿಯೋ ಲಿಯೋನೆ ಎಂದು ಹೆಸರಿಟ್ಟಿದ್ದಾರೆ. ಊರಾಚೆ ಕಲ್ಲು ಸುತ್ತುಗಟ್ಟಿದ ಒಂದು ದುಂಡನೆಯ ಬಯಲು. ತಮ್ಮ ಓಡಿಹೋಗಿ ನಡುವೆ ನಿಂತು, "ಇಲ್ಲೇ ಅಕ್ಕ, ಇಲ್ಲೇ ಇಬ್ಬರೂ ಎದುರುಬದುರು ನಿಂತಿದ್ದು" ಎಂದು ಸೊಂಟಕ್ಕೆ ಕೈ ಹಾಕಿ ಪಿಸ್ತೂಲು ತೆಗೆಯುವವನ ಹಾಗೆ ನಿಂತ.

ನಾನು ನೋಡುತ್ತೇನೆ, ಅದು ಕಣ! ಸಿನಿಮಾದವರು ಕಟ್ಟಿಸಿದ್ದಲ್ಲ. ಊರಿನವರು ಕಾಳು ಒಕ್ಕುತ್ತಿದ್ದ ಕಣ.

ನಮ್ಮ ಹಳ್ಳಿ ಕಡೆ ಬೆಳೆದವರಿಗೆ ನಾನು ವಿವರಿಸಬೇಕಿಲ್ಲ. ಗಾಳಿ ಆಡುವ ಎತ್ತರದ ಜಾಗ ನೋಡಿ, ಮೊದಲು ನೆಲ ಗಟ್ಟಿ ಮಾಡಿ, ಸಗಣಿ ಹಾಕಿ ಸಾರಿಸಿ, ನಡುವೆ ಮೇಟಿ ನೆಟ್ಟು ಎತ್ತು ತಿರುಗಿಸುತ್ತಿದ್ದದ್ದು, ರೋಣಗಲ್ಲು ಎಳೆಸುತ್ತಿದ್ದದ್ದು ನೆನಪಿದೆ ತಾನೆ? ಇವರೂ ಹಾಗೇ. ಸಗಣಿಯ ಬದಲು ಕಲ್ಲು ಹಾಸಿ, ಹೇಸರಗತ್ತೆ ಸುತ್ತಿಸಿ, ಗಾಳಿಗೆ ತೂರುತ್ತಿದ್ದರು. ನಮ್ಮಲ್ಲಿ ಕಣಕ್ಕೆ ಚಪ್ಪಲಿ ಮೆಟ್ಟಿ ಹೋಗುವ ಹಾಗಿರಲಿಲ್ಲ. ರಾಶಿ ಪೂಜೆ ಆಗುವವರೆಗೆ ಗಟ್ಟಿಯಾಗಿ ಮಾತಾಡಿದರೂ ಅಜ್ಜಿ ಗದರುತ್ತಿದ್ದಳು. ಅಂಥ ಕಡೆ ಸೇಡಿನ ಗುಂಡು! ನಾನು ಶೂ ಬಿಚ್ಚಿ ಅಂಚಿನ ಕಲ್ಲಿನ ಹತ್ತಿರ ಇಟ್ಟೇ ಒಳಗೆ ಕಾಲಿಟ್ಟೆ. ಫೋಟೊ ತೆಗೆಯುತ್ತಿದ್ದ ಇಬ್ಬರು ಹುಡುಗರು ಬೆಪ್ಪಾಗಿ ನೋಡಿದರು. ನೋಡಲಿ ಬಿಡಿ.

ಬಹಳ ಜನ ಇಲ್ಲಿಂದಲೇ ವಾಪಸು ಹೋಗುತ್ತಾರೆ. ನೀವು ಹಾಗೆ ಮಾಡಬೇಡಿ. ಇಲ್ಲಿಂದ ಮಣ್ಣಿನ ದಾರಿಯಲ್ಲಿ ಹತ್ತು ಕಿಲೋಮೀಟರಿಗಿಂತ ಕಡಿಮೆ ದೂರದಲ್ಲಿ ಕೊರ್ತಿಹೊ ದೆಲ್ ಫ್ರೈಲೆ, ಅಂದರೆ 'ಸನ್ಯಾಸಿಯ ತೋಟದ ಮನೆ' ಇದೆ. ಹಿಂದೆ ಕ್ರಿಸ್ತ ಸನ್ಯಾಸಿಗಳು ಕಟ್ಟಿಸಿದ್ದು. ಗೋಡೆ ಬಿರಿದಿದೆ, ಗುಡಿಯ ಗಂಟೆಗೂಡು ಮಾತ್ರ ನೆಟ್ಟಗೆ ನಿಂತಿದೆ. 2010ರಲ್ಲಿ ಅದನ್ನು ಸಂರಕ್ಷಿತ ಸ್ಮಾರಕ ಎಂದು ಘೋಷಿಸಿದರು. ಲಿಯೋನೆಯ ಮೂರನೆಯ ಚಿತ್ರದ ಒಂದು ಭಾಗ ಇಲ್ಲೇ ತೆಗೆದದ್ದು. ಆದರೆ ನಾನು ಹೇಳಬೇಕೆಂದಿರುವುದು ಸಿನಿಮಾದ ಮಾತಲ್ಲ.

1928ರ ಜುಲೈ ತಿಂಗಳು. ಈ ಮನೆಯ ಮಗಳಿಗೆ ಮದುವೆ ಗೊತ್ತಾಗಿತ್ತು. ಹುಡುಗಿಗೆ ಕಾಲು ಸ್ವಲ್ಪ ಕುಂಟು, ಅಪ್ಪ ಒಳ್ಳೆಯ ಬಳುವಳಿ ಕೊಡುವವನಿದ್ದ. ವರ ಯಾರು? ಅಕ್ಕನ ಗಂಡನ ತಮ್ಮ. ಆಸ್ತಿ ಮನೆಯಲ್ಲೇ ಉಳಿಯಲೆಂಬ ಲೆಕ್ಕ. ನಮಗೆ ಹೊಸದೇನಲ್ಲವಲ್ಲ! ಮದುವೆಯ ಹಿಂದಿನ ರಾತ್ರಿ, ಬಂಧುಗಳೆಲ್ಲ ಸೇರಿರುವಾಗ, ಹುಡುಗಿ ತಾನು ಮೆಚ್ಚಿದ ಸೋದರಸಂಬಂಧಿಯ ಜೊತೆ ಹೇಸರಗತ್ತೆ ಹತ್ತಿ ಹೊರಟುಹೋದಳು. ದಾರಿಯಲ್ಲಿ ಅಡ್ಡಗಟ್ಟಿದರು. ಹುಡುಗನಿಗೆ ಗುಂಡು ಬಿತ್ತು, ಅಲ್ಲೇ ಸತ್ತ. ಇವಳ ಕತ್ತು ಹಿಸುಕಿ, ಸತ್ತಳೆಂದು ಬಿಟ್ಟುಹೋದರು. ಮಾಡಿದವರು ಯಾರೆಂದು ಬಯಲಾದಾಗ ಊರೇ ನಡುಗಿತು. ಗುಂಡು ಹಾರಿಸಿದವನು ಭಾವ. ಕತ್ತು ಹಿಸುಕಿದವಳು ಒಡಹುಟ್ಟಿದ ಅಕ್ಕ.

ಪತ್ರಿಕೆಯಲ್ಲಿ ಸುದ್ದಿ ಓದಿದ ಕವಿ ಲೋರ್ಕಾ ಇದನ್ನೇ ನಾಟಕ ಮಾಡಿದ. 1933ರಲ್ಲಿ ರಂಗಕ್ಕೆ ಬಂದ ಆ 'ರಕ್ತದ ಮದುವೆ' ಲೋಕಪ್ರಸಿದ್ಧ. ಅದರಲ್ಲಿ ಇಬ್ಬರು ಗಂಡಸರೂ ಚಾಕುವಿನಿಂದ ಇರಿದುಕೊಂಡು ಸಾಯುತ್ತಾರೆ. ಆದರೆ ಅದಕ್ಕೂ ಎರಡು ವರ್ಷ ಮುಂಚೆ, 1931ರಲ್ಲಿ, ಒಬ್ಬ ಹೆಂಗಸು ಇದೇ ಸುದ್ದಿಯಿಂದ ಒಂದು ಕಥೆ ಬರೆದಿದ್ದಳು. ಕಾರ್ಮೆನ್ ದೆ ಬುರ್ಗೋಸ್ ಎಂದು ಹೆಸರು. ಅಲ್ಮೇರಿಯಾದಲ್ಲೇ ಹುಟ್ಟಿ, ಈ ಗುಡ್ಡಗಳ ಪಕ್ಕದ ರೊದಾಲ್ಕಿಲಾರ್‌ನಲ್ಲಿ ಬೆಳೆದವಳು. ಸ್ಪೇನಿನ ಮೊದಮೊದಲ ಪತ್ರಕರ್ತೆಯರಲ್ಲಿ ಒಬ್ಬಳು. ಅವಳ ಕಥೆಯಲ್ಲಿ ಹುಡುಗಿ ಸಿಕ್ಕಿಬೀಳುವುದಿಲ್ಲ. ಮೆಚ್ಚಿದವನ ಜೊತೆ ಹೋಗಿಬಿಡುತ್ತಾಳೆ!

ತಮ್ಮ ಇದನ್ನು ಹೇಳಿದಾಗ ಆ ಪಾಳುಮನೆಯ ನೆರಳಿನಲ್ಲಿ ಕೂತಿದ್ದೆ. ಯಾಕೋ ಕಣ್ಣು ತುಂಬಿತು. ಆ ಹೆಂಗಸಿಗೆ ಅದೇ ನೆಲ, ಅದೇ ಜನ ಚೆನ್ನಾಗಿ ಗೊತ್ತು. ನಡೆದದ್ದೇನು ಎಂಬುದೂ ಗೊತ್ತು. ಆದರೂ ಕಾಗದದ ಮೇಲಾದರೂ ಆ ಹುಡುಗಿಯನ್ನು ದಾಟಿಸಿದಳಲ್ಲ.

"ನಿಜವಾದ ಹುಡುಗಿ ಏನಾದ್ಳೋ?" ಅಂದೆ. ಅವಳು ಬದುಕಿಕೊಂಡಳು. ಮದುವೆಯಾಗಲಿಲ್ಲ. ಈ ಸೀಮೆಯಲ್ಲೇ, ಜನರ ಕಣ್ಣಿಂದ ದೂರವಾಗಿ ಇದ್ದುಬಿಟ್ಟಳು. ತೀರಿಕೊಂಡದ್ದು 1987ರಲ್ಲಿ. ಲೆಕ್ಕ ಹಾಕಿ ನೋಡಿ, 59 ವರ್ಷ. ಆ ಕಣದ ಮೇಲೆ ಈಸ್ಟ್‌ವುಡ್, ಕರ್ನಲ್, ಇಂದಿಯೋ ನಿಂತು ಗಡಿಯಾರದ ರಾಗ ಕೇಳುತ್ತಿದ್ದಾಗ, ಇದೇ ಸೀಮೆಯ ಒಂದು ಮನೆಯಲ್ಲಿ ಅವಳು ಒಲೆ ಹಚ್ಚುತ್ತಿದ್ದಳು. ಸಿನಿಮಾದಲ್ಲಿ ಗುಂಡು ಬಿದ್ದ ಮೇಲೆ ಕುದುರೆ ಹತ್ತಿ ಹೋಗುತ್ತಾರೆ, ಪರದೆ ಬೀಳುತ್ತದೆ. ಮನೆಗಳಲ್ಲಿ ಹಾಗಲ್ಲ. ಮಾರನೆಯ ದಿನ ಯಾರೋ ನೀರು ಸೇದಬೇಕು, ಹಿಟ್ಟು ಕಲಸಬೇಕು, ಊರಿನವರ ಮುಖ ನೋಡಬೇಕು. ನಮ್ಮಲ್ಲೂ 'ಮರ್ಯಾದೆ' ಎಂಬ ಹೆಸರಿನಲ್ಲಿ ಮಗಳ ಮೇಲೆ ಕೈಯೆತ್ತುವ ಸುದ್ದಿ ಪತ್ರಿಕೆಯಲ್ಲಿ ಬಂದಾಗ, ನಾವು ಓದುವುದು ಕೊಂದವನ ಹೆಸರು, ಸತ್ತವನ ಹೆಸರು. ಉಳಿದ ಹುಡುಗಿಯ ಅನ್ನ-ನೀರಿನ ಮಾತು ಯಾರೂ ಬರೆಯುವುದಿಲ್ಲ.

ಬೇಜಾರಿನ ಮಾತು ಸಾಕು, ಊಟದ ಮಾತು ಹೇಳುತ್ತೇನೆ. ಈ ಸೀಮೆಯವರಿಗೆ ಮಳೆ ಅಪರೂಪ. ಮಳೆ ಬಂತೆಂದರೆ ಮನೆಮನೆಯಲ್ಲೂ 'ಮಿಗಾಸ್' ಮಾಡುತ್ತಾರೆ, ನಾವು ಬಜ್ಜಿ ಕರಿಯುವ ಹಾಗೆ. ನೋಡಿದರೆ ನಮ್ಮ ಉಪ್ಪಿಟ್ಟಿನ ತಂಗಿ! ದಪ್ಪ ತಳದ ಬಾಣಲೆಯಲ್ಲಿ ಅರ್ಧ ಬಟ್ಟಲು ಎಣ್ಣೆ ಕಾಯಿಸಿ, ಜಜ್ಜಿದ ಬೆಳ್ಳುಳ್ಳಿ ಎಂಟು-ಹತ್ತು ಎಸಳು, ಉದ್ದ ಮೆಣಸಿನಕಾಯಿ ಹುರಿದು ತೆಗೆದಿಡಿ. ಅದೇ ಎಣ್ಣೆಗೆ ಎರಡು ಬಟ್ಟಲು ನೀರು, ಉಪ್ಪು ಹಾಕಿ ಕುದಿಸಿ, ಎರಡು ಬಟ್ಟಲು ಸಣ್ಣ ರವೆ ಸುರಿಯಿರಿ. ಸಣ್ಣ ಉರಿಯಲ್ಲಿ ಬಿಡದೆ ಕುಟ್ಟಿ ಕೆದಕುತ್ತಾ ಇರಬೇಕು. ಅರ್ಧ ಗಂಟೆಯಲ್ಲಿ ಮುದ್ದೆ ಒಡೆದು, ಹೊಂಬಣ್ಣದ ಕಾಳುಕಾಳಾಗುತ್ತದೆ. ಹುರಿದ ಬೆಳ್ಳುಳ್ಳಿ, ಮೆಣಸಿನಕಾಯಿ ಮೇಲಿಟ್ಟು, ಮೂಲಂಗಿ, ದ್ರಾಕ್ಷಿ ಜೊತೆ ತಿನ್ನಿ. ಅವರು ಮೀನು, ಮಾಂಸವನ್ನೂ ಇಡುತ್ತಾರೆ. ಬೇಡ ಎಂದು ಮೊದಲೇ ಹೇಳಿದರೆ ಆಯಿತು.

ಹೋಗುವವರಿಗೆ ಒಂದೆರಡು ಕಿವಿಮಾತು. ಬೇಸಿಗೆ ಬೇಡ, ಬೆಂದುಹೋಗುತ್ತೀರಿ. ಮಾರ್ಚ್-ಏಪ್ರಿಲ್ ಇಲ್ಲವೆ ಅಕ್ಟೋಬರ್ ಒಳ್ಳೆಯದು. ನೀರು, ಟೋಪಿ ಮರೆಯಬೇಡಿ. ಸ್ವಂತ ಕಾರು ಇದ್ದರೆ ಅನುಕೂಲ. ಮಕ್ಕಳಿಗೆ ಮೊದಲು ಮಿನಿ ಹಾಲಿವುಡ್ ತೋರಿಸಿ, ಚಪ್ಪಾಳೆ ತಟ್ಟಲಿ. ಆಮೇಲೆ ಕಣಕ್ಕೆ ಕರೆದುಕೊಂಡು ಹೋಗಿ, ಅಲ್ಲಿ ಕಾಳು ಹೇಗೆ ಒಕ್ಕುತ್ತಿದ್ದರೆಂದು ಹೇಳಿ. ಕಡೆಗೆ ಆ ತೋಟದ ಮನೆ. ಅಲ್ಲಿ ಹುಡುಗಿಯ ಕಥೆ ಹೇಳುವಾಗ ಗುಂಡಿನ ಸದ್ದಿಗೇ ನಿಲ್ಲಿಸಬೇಡಿ, ಆ 59 ವರ್ಷವನ್ನೂ ಸೇರಿಸಿ ಹೇಳಿ. ಹೆಣ್ಣುಮಕ್ಕಳಿಗಷ್ಟೇ ಅಲ್ಲ, ಗಂಡುಮಕ್ಕಳಿಗೂ.