ಪುತಳಿಯ ಸರ

ನಾಗಮಂಗಲದ ನಮ್ಮ ಅಜ್ಜಿಯವರು ಬಿಟ್ಟುಹೋದ ಪುತಳಿಯ ಸರವನ್ನು ಕರಗಿಸಿ, ಮನೆಯ ಹುಡುಗಿಯ ಮದುವೆಗೆ ಹೊಸ ಮಾದರಿಯ ಒಡವೆಯನ್ನು ಮಾಡಿಸಬೇಕೆಂದು ನಿಶ್ಚಯಿಸಿ, ನಾವು ಅದನ್ನು ಶ್ರೀರಂಗಪಟ್ಟಣದ ವೃದ್ಧ ಅಕ್ಕಸಾಲಿಗರೊಬ್ಬರ ಬಳಿಗೆ ಕೊಂಡೊಯ್ದೆವು. ಅವರು ಒಂದೊಂದು ಕಾಸನ್ನೂ ಒರೆಗೆ ಹಚ್ಚಿ, ತೂಗಿ ನೋಡಿ, “ಚಿನ್ನವೇನೋ ಚೊಕ್ಕವಾದುದು, ಆದರೆ ನಾಣ್ಯ ಸೀಮೆಯದಲ್ಲ, ಇಲ್ಲಿಯೇ ಅಚ್ಚುಹಾಕಿದುದು” ಎಂದರು. ಕಡಲಾಚೆಯಿಂದ ಬಂದ ಸರವೆಂದು ಅಜ್ಜಿಯವರು ಹೇಳುತ್ತಿದ್ದುದನ್ನು ನೆನೆದು ನಮ್ಮ ಮನಸ್ಸು ಪಿಚ್ಚೆಂದಿತು.

ಪುತಳಿಯೆಂಬುದು ಮೂಲದಲ್ಲಿ ವೆನಿಸ್ ನಗರದ ಹೊನ್ನು. ಕ್ರಿ. ಶ. ೧೨೮೪ರಿಂದ, ೧೭೯೭ರಲ್ಲಿ ಆ ಗಣರಾಜ್ಯವು ಅಳಿಯುವವರೆಗೂ, ಸುಮಾರು ಮೂರೂವರೆ ಗ್ರಾಂ ತೂಕದ ಆ ನಾಣ್ಯದ ರೂಪವು ಹೆಚ್ಚುಕಡಿಮೆ ಒಂದೇ ಆಗಿದ್ದಿತು. ಒಂದು ಮುಖದಲ್ಲಿ ಸಂತ ಮಾರ್ಕನ ಮುಂದೆ ಮಂಡಿಯೂರಿದ ನಗರಾಧಿಪತಿ, ಇನ್ನೊಂದರಲ್ಲಿ ಯೇಸುಕ್ರಿಸ್ತ. ನಮ್ಮ ಕಾಸುಗಳಲ್ಲಿಯೂ ಈ ಬೊಂಬೆಗಳುಂಟು; ಆದರೆ ಸುತ್ತಲಿನ ಲ್ಯಾಟಿನ್ ಅಕ್ಷರಗಳು ಬರಿಯ ಗೀಟುಗಳಾಗಿವೆ. ಆ ಲಿಪಿಯನ್ನರಿಯದ ಕೈ ಕೆತ್ತಿದ ಅಚ್ಚೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗಾದರೆ ಇದು ಮೋಸವೇ? ಈ ಪ್ರಶ್ನೆಗೆ ಉತ್ತರವು ನಮಗೆ ರೋಮಕ ನಾಣ್ಯಗಳಿಂದ ದೊರೆಯಿತು. ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅವರು ಅಗೆಸಿದ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ತಿಬೇರಿಯಸ್ ಚಕ್ರವರ್ತಿಯ ಬೆಳ್ಳಿಯ ನಾಣ್ಯವು ದೊರೆತಿದೆ. ತೆಲಂಗಾಣದ ಕೊಂಡಾಪುರ, ಮಹಾರಾಷ್ಟ್ರದ ತೇರ್ ಮೊದಲಾದೆಡೆಗಳಲ್ಲಿ ರೋಮಕ ನಾಣ್ಯವನ್ನು ಹೋಲುವ ಮಣ್ಣಿನ ಪದಕಗಳೇ ಸಿಕ್ಕಿವೆ. ದಾರಕ್ಕೆ ಪೋಣಿಸಿ ಕೊರಳಲ್ಲಿ ಧರಿಸುವುದಕ್ಕಾಗಿ ಮಾಡಿದುವು. ದಕ್ಷಿಣದಲ್ಲಿ ದೊರೆತ ಪೂರ್ವ ರೋಮಕ ಚಿನ್ನದ ನಾಣ್ಯಗಳಲ್ಲಿ ಹಲವಕ್ಕೆ ಚಕ್ರವರ್ತಿಯ ತಲೆಯ ಮೇಲ್ಗಡೆ ಎರಡು ತೂತುಗಳಿವೆ. ಎದೆಯ ಮೇಲೆ ಮುಖವು ಓರೆಯಾಗದೆ ನೆಟ್ಟಗೆ ನಿಲ್ಲಲೆಂಬ ಎಚ್ಚರಿಕೆಯಲ್ಲವೆ ಅದು? ಅವುಗಳ ನಡುವೆ ಇಲ್ಲಿಯೇ ಮಾಡಿದ ಅನುಕರಣಗಳೂ ಉಂಟು. ಪೇಟೆಯಲ್ಲಿ ಹಣವಾಗಿದ್ದುದು ಕೊರಳಲ್ಲಿ ಅಲಂಕಾರವಾಯಿತು. ಮಣ್ಣಿನ ಪದಕವನ್ನು ಧರಿಸಿದವಳು ಯಾರನ್ನೂ ವಂಚಿಸಹೊರಟವಳಲ್ಲ.

ಆದುದರಿಂದ ಒಡವೆಯ ಪರೀಕ್ಷೆಯಲ್ಲಿ ಎರಡು ಪ್ರಶ್ನೆಗಳಿವೆ: ಇದು ಎಲ್ಲಿಯದು ಎಂಬುದೊಂದು, ಏತಕ್ಕಾಗಿ ಮಾಡಿದುದು ಎಂಬುದೊಂದು. ಮೋಸಗಾರನು ಅಕ್ಷರವನ್ನು ಸರಿಯಾಗಿ ಕೆತ್ತಿ ಚಿನ್ನವನ್ನು ಕದಿಯುತ್ತಾನೆ; ನಮ್ಮ ಪುತಳಿಯನ್ನು ಮಾಡಿದವನು ಅಕ್ಷರದಲ್ಲಿ ತಪ್ಪಿದನು, ಚಿನ್ನದಲ್ಲಿ ತಪ್ಪಲಿಲ್ಲ.

ಸರವನ್ನು ಕರಗಿಸದೆ ಹಿಂದಕ್ಕೆ ತಂದೆವು. ಹುಡುಗಿಯು ಅದನ್ನೇ ಧರಿಸಿ ಹಸೆಯ ಮೇಲೆ ಕುಳಿತಳು. ಸೀಮೆಯ ಸರವೇ ಎಂದು ಕೇಳಿದವರಿಗೆ, “ಅಲ್ಲ, ನಮ್ಮ ನಾಡಿನದೇ” ಎಂದು ನಾವು ಸಂಕೋಚವಿಲ್ಲದೆ ಹೇಳಿದೆವು.