ರೊಟ್ಟಿ ಇಲ್ಲದ ಥಾಯ್ ಊಟ

ಬೆಳಗಾವಿ ಜಿಲ್ಲೆಯ ಗಡಿ ಎಲ್ಲಿ ಎಂದರೆ ಎಲ್ಲರೂ ಮಹಾರಾಷ್ಟ್ರದ ಕಡೆ ಬೆರಳು ತೋರಿಸುತ್ತಾರೆ. ಊಟದ ಗಡಿ ಮಾತ್ರ ಜಿಲ್ಲೆಯ ಒಳಗೇ ಇದೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಖಾನಾಪುರದ ಗದ್ದೆ ದಾಟುವಾಗ ದಡದ ಮನೆಗಳಲ್ಲಿ ಅನ್ನ ಬೇಯುತ್ತಿರುತ್ತದೆ. ಅದೇ ನದಿ ಸವದತ್ತಿಯ ಎರೆಮಣ್ಣಿಗೆ ಬರುವ ಹೊತ್ತಿಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೆ. ರಟ್ಟರು 1204ರಲ್ಲಿ ಕಟ್ಟಿಸಿದ ಬೆಳಗಾವಿ ಕೋಟೆ ಎರಡರ ನಡುವೆ ಕೂತಿದೆ.

ನಮ್ಮ ಕಾಕಾ ಸವದತ್ತಿ ಕಡೆಯವರು, ಕಾಕು ಖಾನಾಪುರದ ಜಾಂಬೋಟಿ ಕಡೆಯವರು, ಸಂಸಾರ ಕೋಟೆ ಕೆರೆಯ ಸಮೀಪ. ಕಾಯಿಹಾಲು ಮೇಲೋ ಶೇಂಗಾ ಹಿಂಡಿ ಮೇಲೋ ಎಂಬ ವ್ಯಾಜ್ಯ ಅವರ ಮದುವೆಯಷ್ಟೇ ಹಳೆಯದು. ಬೆಂಗಳೂರಿಗೆ ಬಂದಾಗ ಇಬ್ಬರನ್ನೂ ಇಂದಿರಾನಗರದ ಥಾಯ್ ಹೋಟೆಲೊಂದಕ್ಕೆ ಕರೆದೊಯ್ದೆ. ರವಿವಾರ ಸಂಜೆ ಅಲ್ಲಿ ಹೆಸರು ಬರೆಸಿ ಬಾಗಿಲಲ್ಲಿ ಕಾಯಬೇಕು. ‘ಉಣ್ಣಾಕೂ ಪಾಳಿ ಹಚ್ಚಬೇಕೇನ?’ ಎಂದರು ಕಾಕಾ.

ಕೂತ ಮೇಲೆ ಮೊದಲು ಮೀನಿನ ಪ್ರಶ್ನೆ. ಥಾಯ್ ಅಡುಗೆಯಲ್ಲಿ ಉಪ್ಪಿನ ಕೆಲಸ ಬಹಳಷ್ಟು ಮೀನಿನ ಸಾಸಿನದು. ಅರೆದ ಮಸಾಲೆಯಲ್ಲೂ ಸೀಗಡಿ ಸೇರಿರುತ್ತದೆ. ‘ನಮಗ ಅದು ನಡಿಯೂದಿಲ್ರಿ’ ಎಂದು ಕಾಕು ಬಿಗಿಯಾಗಿ ಹೇಳಿದರು. ನಮಗೆ ಬೇರೆ ಮಸಾಲೆ, ಮೀನಿನ ಬದಲು ಸೋಯಾ ಸಾಸ್ ಎಂದು ಮಾಣಿ ಭರವಸೆ ಕೊಟ್ಟ.

ಟೋಮ್ ಖಾ ಬಂತು. ಬಿಳಿ ಬಟ್ಟಲಲ್ಲಿ ಕಾಯಿಹಾಲಿನ ತಿಳಿಸಾರು, ಮೇಲೆ ಮೆಣಸಿನಕಾಯಿ ಎಣ್ಣೆಯ ಕೆಂಪು ಹನಿಗಳು, ತಳದಲ್ಲಿ ಅಣಬೆ. ಒಂದು ಚಮಚ ಕುಡಿದ ಕಾಕು ಕಣ್ಣರಳಿಸಿದರು: ‘ನಮ್ಮ ಸೋಲಕಡಿ ಬಿಸಿ ಮಾಡಿದಂಗ ಐತಿ. ಮತ್ತ ಇದು ಗವತಿ ಚಹಾದ ಹುಲ್ಲಲ್ಲೇನ?’ ಹೌದು, ಮಳೆಗಾಲದಲ್ಲಿ ಅವರ ತವರಿನ ಹಿತ್ತಲಿಂದ ಚಹಾಕ್ಕೆ ಬೀಳುವ ಅದೇ ಹುಲ್ಲು. ಕಾಕಾ ಅಷ್ಟರಲ್ಲಿ ಅದರ ಕಡ್ಡಿಯನ್ನೂ ಶುಂಠಿಯ ಜಾತಿಯ ಗ್ಯಾಲಂಗಲ್ ಬಿಲ್ಲೆಯನ್ನೂ ಅಗಿಯುತ್ತ ಕೂತಿದ್ದರು. ಅವು ಘಮಕ್ಕೆ ಮಾತ್ರ, ತಿನ್ನುವುದಕ್ಕಲ್ಲ ಎಂದೆ. ‘ತಿನ್ನದ್ದನ್ನ ತಾಟಿನ್ಯಾಗ ಯಾಕ ಹಾಕ್ತಾರ?’ ಎನ್ನುತ್ತ ಸಾಲಾಗಿ ಅಂಚಿಗೆ ಜೋಡಿಸಿದರು.

ಗ್ರೀನ್ ಕರಿ ಜೊತೆ ಮಲ್ಲಿಗೆ ಘಮದ ಅನ್ನ ಬಂತು. ಕಾಕು ಎರಡನೇ ಸಲ ಬಡಿಸಿಕೊಂಡರು. ಮಳೆ, ತೆಂಗು, ಭತ್ತ ಇರುವಲ್ಲಿ ಸಾರಿನ ರೀತಿಯೂ ಹತ್ತಿರವೇ. ಊಟದ ಲೆಕ್ಕದಲ್ಲಿ ಜಾಂಬೋಟಿಗೆ ಸವದತ್ತಿಗಿಂತ ಬ್ಯಾಂಕಾಕೇ ನೆರೆಯೂರು.

ಕಾಕಾ ಚಮಚ, ಫೋರ್ಕು ಪಕ್ಕಕ್ಕಿಟ್ಟು ಕೈ ಹಾಕಿದ್ದರು. ಥಾಯ್ ಜನರೂ ಹಿಂದೆ ಕೈಯಲ್ಲೇ ಉಣ್ಣುತ್ತಿದ್ದರು. ಚಮಚ, ಫೋರ್ಕು ಅಲ್ಲಿನ ಅರಮನೆಯಲ್ಲಿ ರೂಢಿಯಾದದ್ದು 19ನೇ ಶತಮಾನದಲ್ಲಿ ಎಂದೆ. ‘ಹಂಗಾರ ಅವರ ಮುತ್ತಜ್ಜಾರು ಶಾಣ್ಯಾರ ಇದ್ರು’ ಎಂದರು. ಆದರೂ ರೊಟ್ಟಿ ಇಲ್ಲದ ಊಟ ಅವರಿಗೆ ಊಟವೇ ಅಲ್ಲ. ಮುಖ ಇಳಿದೇ ಇತ್ತು.

ಅವರ ಕೈ ಹಿಡಿದದ್ದು ಸಾಟೆ. ಕಡ್ಡಿಗೆ ಚುಚ್ಚಿ ಸುಟ್ಟ ಅಣಬೆ, ಪಕ್ಕದ ಬಟ್ಟಲಲ್ಲಿ ಶೇಂಗಾದ ಗಟ್ಟಿ ಸಾಸು. ಕಾಕಾ ಬೆರಳಿಂದ ನೆಕ್ಕಿ, ಬಟ್ಟಲನ್ನೇ ತಮ್ಮ ಕಡೆ ಎಳೆದುಕೊಂಡರು. ‘ನೋಡವಾ, ಕಡೀಕ ನಮ್ಮ ಹಿಂಡೀಗೇ ಬಂದ್ರು.’

ನನಗೆ ಸುಮ್ಮನಿರಲಾಗಲಿಲ್ಲ. ಶೇಂಗಾ ದಕ್ಷಿಣ ಅಮೆರಿಕದ್ದು, ಮೆಣಸಿನಕಾಯಿಯೂ ಆ ಖಂಡದ ಕಡೆಯದೇ. ಪೋರ್ಚುಗೀಸರು 1510ರಲ್ಲಿ ನಮ್ಮ ಪಕ್ಕದ ಗೋವಾ ಹಿಡಿದರು, ಮರುವರ್ಷವೇ ಅವರ ದೂತ ಥಾಯ್ ಅರಸರ ಅಯುತ್ಥಾಯಕ್ಕೆ ಹೋದ. ಖಾರ ಎರಡೂ ಕಡೆ ಆ ಹಡಗಿನವರ ಮೂಲಕವೇ ಬಂತು. ಕಾಕು ಗೆದ್ದವರಂತೆ ನಕ್ಕರು. ಅವರ ಕಾಯಿಹಾಲಿಗೆ ಯಾವ ಹಡಗಿನ ಋಣವೂ ಇರಲಿಲ್ಲ.

ಕಾಕಾ ಬಟ್ಟಲ ತಳ ಬಳಿಯುವುದನ್ನು ನಿಲ್ಲಿಸದೆ ಕೇಳಿದರು: ‘ಇವರು ಮಸಾಲಿ ಹೆಂಗ ಮಾಡ್ತಾರ?’ ಕಲ್ಲಿನ ಒರಳಲ್ಲಿ ಕುಟ್ಟುತ್ತಾರೆ ಎಂದೆ.

‘ಮತ್ತೇನ! ಯಾರರ ತಂದಿರ್ಲಿ, ಕುಟ್ಟಿದವರದ ಅದು’ ಎಂದು ತೀರ್ಪು ಕೊಟ್ಟು, ಮಾಣಿಯನ್ನು ಕರೆದು ಇನ್ನೊಂದು ಬಟ್ಟಲು ಹಿಂಡಿ ಹೇಳಿದರು.